ಚಳಿಯ ಬೆಳಗಿನಲ್ಲಿ ಡೀಸೆಲ್ ಜೀಪು: ಚಾಲನೆಯ ತೊಂದರೆ ಮತ್ತು ಇಂಧನದ ಉಳಿತಾಯ

ಮಲೆನಾಡಿನ ತೋಟಗಳಲ್ಲಿ ಹಿಂದೆ ಎತ್ತಿನ ಗಾಡಿ ಮತ್ತು ಆಳಿನ ತಲೆಹೊರೆ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಈಗ ನಾಲ್ಕು ಚಕ್ರಗಳಿಗೂ ಎಳೆತವಿರುವ ಡೀಸೆಲ್ ಜೀಪು ಮಾಡುತ್ತಿದೆ. ಗೊಬ್ಬರದ ಮೂಟೆ, ಬೋರ್ಡೋ ದ್ರಾವಣದ ಡ್ರಮ್ಮು, ಅಡಿಕೆ ಗೊನೆ, ಕಾಫಿ ಹಣ್ಣಿನ ಚೀಲ, ಕಾಯಿಲೆ ಬಿದ್ದ ದನ, ಹೆರಿಗೆಗೆ ಹೊರಟ ಹೆಣ್ಣುಮಗಳು ಎಲ್ಲಕ್ಕೂ ಅದೇ ವಾಹನ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ಕುಯ್ಲು ನವೆಂಬರ್‌ನಲ್ಲಿ ಆರಂಭವಾಗಿ ಫೆಬ್ರವರಿ, ಮಾರ್ಚಿಯವರೆಗೂ ನಡೆಯುತ್ತದೆ. ವರ್ಷದಲ್ಲಿ ಅತಿ ಹೆಚ್ಚು ಚಳಿ ಇರುವುದೂ ಇದೇ ತಿಂಗಳುಗಳಲ್ಲಿ. ವಾಹನದ ಅಗತ್ಯ ಹೆಚ್ಚಾದಾಗಲೇ ಅದು ಬೆಳಗ್ಗೆ ಏಳಲು ಒಲ್ಲೆನೆನ್ನುತ್ತದೆ. ಒಂದು ಗಂಟೆ ತಡವಾದರೆ ಇಪ್ಪತ್ತು ಮಂದಿಯ ಒಂದೊಂದು ಗಂಟೆ ಹೋದಂತೆ.

ಸಾಮಾನ್ಯವಾಗಿ ಬೆಳೆಗಾರರು ಇದನ್ನು ಚಳಿಗಾಲದ ಸಣ್ಣ ಕಿರುಕುಳವೆಂದು ತಿಳಿದು, ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದನ್ನು ರೂಢಿಸಿಕೊಂಡು ಸುಮ್ಮನಾಗುತ್ತಾರೆ. ಇದು ಸರಿಯಲ್ಲ. ಹತ್ತು ಹನ್ನೆರಡು ಡಿಗ್ರಿಯ ಚಳಿಗೆ ಡೀಸೆಲ್ ಎಂಜಿನ್ ಮೊಂಡು ಹಿಡಿಯಬೇಕಾದ ಕಾರಣವೇ ಇಲ್ಲ. ಹಿಡಿಯಿತೆಂದರೆ ಒಳಗೆ ಯಾವುದೋ ದೋಷವಿದೆ. ಮತ್ತು ಬೆಳಗ್ಗೆ ಐದು ನಿಮಿಷ ಕಾಡುವ ಆ ದೋಷವೇ ಉಳಿದ ಹೊತ್ತೆಲ್ಲ ಸದ್ದಿಲ್ಲದೆ ಡೀಸೆಲ್ ಕುಡಿಯುತ್ತಿರುತ್ತದೆ. ಬೆಳಗಿನ ಚಾಲನೆಯನ್ನು ಗಮನವಿಟ್ಟು ನೋಡುವ ರೈತನಿಗೆ ಎಂಜಿನ್ನಿನ ಆರೋಗ್ಯ ತಾನಾಗಿ ತಿಳಿಯುತ್ತದೆ. ಟ್ರ್ಯಾಕ್ಟರ್ ಮತ್ತು ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡವರಿಗೂ ಮುಂದಿನ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಕಿಡಿಯಿಲ್ಲದ ಎಂಜಿನ್

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಕಿಡಿ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಅದರ ಮೂಲ ಗಾತ್ರದ 16ನೇ ಒಂದು ಪಾಲಿಗೆ, ಕೆಲವು ಎಂಜಿನ್ನುಗಳಲ್ಲಿ 22ನೇ ಒಂದು ಪಾಲಿಗೆ ಅದುಮುತ್ತದೆ. ಹೀಗೆ ಅದುಮಿದ ಗಾಳಿ 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಮಂಜಿನಂತೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ; ಇದು ಅದೇ.

ಚಳಿಯಲ್ಲಿ ಈ ಕಾವು ಹುಟ್ಟುವುದು ಕಷ್ಟ. ಒಳಗೆ ಬರುವ ಗಾಳಿಯೇ ತಣ್ಣಗಿರುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿಯ ಶಕ್ತಿ ತಗ್ಗಿರುತ್ತದೆ. ಆದ್ದರಿಂದ ಸೆಲ್ಫ್ ಎಂಜಿನ್ನನ್ನು ನಿಧಾನವಾಗಿ ತಿರುಗಿಸುತ್ತದೆ. ನಿಧಾನವಾಗಿ ತಿರುಗಿದಷ್ಟೂ ಅದುಮಿದ ಗಾಳಿ ರಿಂಗುಗಳ ಸಂದಿನಲ್ಲಿ ಸೋರಲು, ಅದರ ಕಾವು ತಣ್ಣನೆಯ ಕಬ್ಬಿಣಕ್ಕೆ ಇಳಿಯಲು ಹೆಚ್ಚು ಸಮಯ ಸಿಗುತ್ತದೆ. ಹೊಸ ಎಂಜಿನ್ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಸವೆದ ಎಂಜಿನ್ನಿಗೆ ಆಗುವುದಿಲ್ಲ.

ತಮ್ಮ ಜೀಪಿನ ಎಂಜಿನ್ ಯಾವ ಜಾತಿಯದೆಂದು ಮೊದಲು ತಿಳಿಯುವುದು ಅಗತ್ಯ. ನಮ್ಮ ತೋಟಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಮಹೀಂದ್ರ ಜೀಪುಗಳಲ್ಲಿ ಎರಡು ಬಗೆ ಹೆಚ್ಚು. ಒಂದು, ಫ್ರಾನ್ಸಿನ ಪ್ಯೂಜೊ ಕಂಪೆನಿಯ ವಿನ್ಯಾಸದ, 2112 ಘನ ಸೆಂಟಿಮೀಟರ್ ಗಾತ್ರದ ಎಕ್ಸ್‌ಡಿಪಿ 4.90. ಇದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳದೆ, ಸಿಲಿಂಡರ್ ಹೆಡ್ಡಿನಲ್ಲಿರುವ ಒಂದು ಪುಟ್ಟ ಕೋಣೆಯಲ್ಲಿ ಸಿಂಪಡಣೆಯಾಗುತ್ತದೆ. ಸದ್ದು ಕಡಿಮೆ, ಓಟ ನಯ. ಆದರೆ ಕೋಣೆಯ ಗೋಡೆಗಳು ಕಾವನ್ನು ಹೀರುವುದರಿಂದ ತಣ್ಣಗಿರುವಾಗ ಹೀಟರ್ ಪ್ಲಗ್ಗಿನ ಸಹಾಯ ಬೇಕೇ ಬೇಕು. ಇನ್ನೊಂದು, 2523 ಘನ ಸೆಂಟಿಮೀಟರ್‌ನ ಎಂ.ಡಿ.ಐ. ಇಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಗುಂಡಿಗೆ ಬೀಳುತ್ತದೆ. ಸದ್ದು, ಅದುರು ಜಾಸ್ತಿ. ಆದರೆ ಬೇಗ ಚಾಲೂ ಆಗುತ್ತದೆ, ಡೀಸೆಲ್ಲೂ ಕಡಿಮೆ. ಸಾಮಾನ್ಯವಾಗಿ ನೇರ ಸಿಂಪಡಣೆಯ ಎಂಜಿನ್ ಕೋಣೆಯ ಎಂಜಿನ್ನಿಗಿಂತ ನೂರಕ್ಕೆ 10ರಿಂದ 15 ಪಾಲು ಡೀಸೆಲ್ ಉಳಿಸುತ್ತದೆ. ಪಕ್ಕದ ತೋಟದವರ ಜೀಪಿಗೂ ನಮ್ಮದಕ್ಕೂ ಮೈಲೇಜ್ ಹೋಲಿಸಿ ನೊಂದುಕೊಳ್ಳುವ ಮುಂಚೆ ಇದನ್ನು ನೋಡಬೇಕು.

ಡೀಸೆಲ್ ಹೆಪ್ಪುಗಟ್ಟುತ್ತದೆಯೆ?

ಅನೇಕರು ಹೀಗೆ ಕೇಳುತ್ತಾರೆ. ಡೀಸೆಲ್ಲಿನಲ್ಲಿ ಮೇಣದ ಅಂಶವಿರುವುದು ನಿಜ. ಕಡು ಚಳಿಯಲ್ಲಿ ಅದು ಬೇರ್ಪಟ್ಟು ಫಿಲ್ಟರನ್ನು ಕಟ್ಟುತ್ತದೆ. ಲಡಾಖಿನಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಚಳಿಗಾಲದ ಡೀಸೆಲ್ಲನ್ನು 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಅಲ್ಲಿಗಾಗಿಯೇ ಒದಗಿಸಲು ಆರಂಭಿಸಿತು. ಕರ್ನಾಟಕದ ಯಾವ ಮೂಲೆಯಲ್ಲೂ ಅಂತಹ ಚಳಿ ಇಲ್ಲ. ಆದ್ದರಿಂದ ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸಿ 'ತೆಳ್ಳಗೆ' ಮಾಡುವ ಅಗತ್ಯ ಇಲ್ಲಿಲ್ಲ. ಬೆರೆಸಿದರೆ ಹಾನಿಯೇ ಉಂಟು. ಅನೇಕ ಜೀಪುಗಳಲ್ಲಿರುವ ರೋಟರಿ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಬೇರೆ ಜಿಡ್ಡು ಅದಕ್ಕಿಲ್ಲ. ಸೀಮೆಎಣ್ಣೆಗೆ ಆ ಜಿಡ್ಡು ಸಾಲದು.

ಕಿವಿ ಮತ್ತು ಕಣ್ಣು

ಬೆಳಗ್ಗೆ ಗಾಡಿ ಹಿಡಿಯದಿದ್ದರೆ ಮತ್ತೆ ಮತ್ತೆ ಕೀ ತಿರುಗಿಸುವ ಬದಲು, ಎರಡು ಸಂಗತಿಗಳನ್ನು ಗಮನಿಸಬೇಕು: ಎಂಜಿನ್ ಯಾವ ವೇಗದಲ್ಲಿ ತಿರುಗುತ್ತಿದೆ, ಹೊಗೆ ಕೊಳವೆಯಿಂದ ಏನು ಬರುತ್ತಿದೆ. ಇವೆರಡರಿಂದಲೇ ದೋಷದ ಜಾಗ ಬಹುಮಟ್ಟಿಗೆ ತಿಳಿಯುತ್ತದೆ.

ಎಂಜಿನ್ 'ಉಂ... ಉಂ...' ಎಂದು ನರಳುತ್ತ ನಿಧಾನವಾಗಿ ತಿರುಗಿದರೆ ತಪ್ಪು ಡೀಸೆಲ್ಲಿನದಲ್ಲ, ವಿದ್ಯುತ್ತಿನದು. ಬ್ಯಾಟರಿಯನ್ನು ಹಾಳುಮಾಡುವುದು ಬೇಸಿಗೆಯ ಬಿಸಿಲು. ಅದು ಹಾಳಾಗಿದೆಯೆಂದು ತಿಳಿಸುವುದು ಚಳಿಗಾಲ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿಯಲ್ಲಿ ಮೀಟರ್ 12.6 ವೋಲ್ಟ್ ತೋರಿದರೆ ಅದು ತುಂಬಿದೆ. 12ರ ಆಸುಪಾಸು ಇದ್ದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿಯಬಾರದು. ಆದರೆ ಬ್ಯಾಟರಿಯನ್ನು ಬದಲಾಯಿಸುವ ಮುಂಚೆ ಕೇಬಲ್ಲುಗಳನ್ನು ನೋಡಿರಿ. ಸೆಲ್ಫ್ ಮೋಟಾರು ಒಮ್ಮೆಗೆ ನೂರಾರು ಆಂಪಿಯರ್ ಎಳೆಯುತ್ತದೆ. ಟರ್ಮಿನಲ್ಲಿನಲ್ಲಿ ಹಸಿರು ಬಿಳಿ ಬೂಷ್ಟು ಹಿಡಿದಿದ್ದರೆ ಅಷ್ಟು ವಿದ್ಯುತ್ತು ದಾಟುವುದಿಲ್ಲ. ಹತ್ತು ಸೆಕೆಂಡು ಸೆಲ್ಫ್ ಹೊಡೆದು, ತಕ್ಷಣ ಕೀಲುಗಳನ್ನು ಬೆರಳಿನಿಂದ ಮುಟ್ಟಿದರೆ ಯಾವುದು ಬಿಸಿಯಾಗಿದೆಯೋ ಅದೇ ಕೆಟ್ಟ ಕೀಲು.

ಅರ್ತಿಂಗ್ ಪಟ್ಟಿಯನ್ನಂತೂ ಯಾರೂ ನೋಡುವುದೇ ಇಲ್ಲ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದರಿಂದ ಚಾಸಿಗೆ ವಿದ್ಯುತ್ತು ಹಿಂತಿರುಗಲು ಒಂದು ತಾಮ್ರದ ಹೆಣೆದ ಪಟ್ಟಿ ಇರುತ್ತದೆ. ಮಳೆಗಾಲದ ಕೆಸರಿಗೆ ಅದು ತಿಂದುಹೋದರೆ ವಿದ್ಯುತ್ತು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಆ ಕೇಬಲ್ಲು ಬಿಸಿಯಾಗುತ್ತಿದ್ದರೆ ಕಾರಣ ಇದೇ. ಪಟ್ಟಿಯ ಬೆಲೆ ಬ್ಯಾಟರಿಯ ಬೆಲೆಯ ಮುಂದೆ ಏನೂ ಅಲ್ಲ.

ಇನ್ನೊಂದು ಉಪಾಯ. ಸೆಲ್ಫ್ ಹೊಡೆಯುವಾಗ ಕೈಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಪೂರ್ತಿ ತುಳಿದು ಹಿಡಿಯಬೇಕು. ಗೇರ್ ಬಾಕ್ಸಿನ ಆಯಿಲ್ ಚಳಿಗೆ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಕ್ಲಚ್ ತುಳಿಯದಿದ್ದರೆ ಸೆಲ್ಫ್ ಮೋಟಾರು ಎಂಜಿನ್ನಿನ ಜೊತೆಗೆ ಆ ಪಾಕವನ್ನೂ ಕಲಕಬೇಕಾಗುತ್ತದೆ.

ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೆ ಹೊಗೆ ಕೊಳವೆಯಲ್ಲಿ ಏನೂ ಇಲ್ಲ ಎಂದಾದರೆ, ಸಿಲಿಂಡರಿಗೆ ಡೀಸೆಲ್ಲೇ ತಲುಪುತ್ತಿಲ್ಲ. ರಾತ್ರಿ ನಿಲ್ಲಿಸುವಾಗ ಸರಿಯಾಗಿಯೇ ಇತ್ತಲ್ಲ ಎಂದು ಚಾಲಕ ಆಶ್ಚರ್ಯಪಡುತ್ತಾನೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಸಾಸಿವೆ ಕಾಳಿಗಿಂತ ಸಣ್ಣ ಸಂದು ಬಿಟ್ಟಿರುತ್ತದೆ. ಅಲ್ಲಿಂದ ಡೀಸೆಲ್ ಹೊರಕ್ಕೆ ಸೋರದೆ ಇರಬಹುದು, ಆದರೆ ಗಾಳಿ ಒಳಕ್ಕೆ ಬರುತ್ತದೆ. ಇರುಳಿನ ಎಂಟು ಹತ್ತು ಗಂಟೆಗಳಲ್ಲಿ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂದಕ್ಕಿಳಿಯುತ್ತದೆ. ಮೆಕ್ಯಾನಿಕರು 'ಏರ್ ಹಿಡಿದಿದೆ' ಎನ್ನುವುದು ಇದಕ್ಕೇ. ಇದರ ಇನ್ನೊಂದು ಲಕ್ಷಣವೆಂದರೆ, ಗಾಡಿ ಒಮ್ಮೆ ಚಾಲೂ ಆಗಿ ನಾಲ್ಕಾರು ಸೆಕೆಂಡು ಓಡಿ ನಿಂತುಬಿಡುತ್ತದೆ; ಆಮೇಲೆ ಎಷ್ಟು ಹೊಡೆದರೂ ಇಲ್ಲ.

ಪರಿಹಾರವನ್ನು ರೈತರೇ ಮಾಡಿಕೊಳ್ಳಬಹುದು. ಫಿಲ್ಟರಿನ ಮೇಲಿನ ಏರ್ ತೆಗೆಯುವ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗಬೇಕು. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಒತ್ತುತ್ತಲೇ ಬಿಗಿಮಾಡಬೇಕು. ಅನಂತರ ಪಂಪಿನ ಸ್ಕ್ರೂವಿನಲ್ಲೂ ಹೀಗೆಯೇ. ಆದರೆ ಪ್ರತಿದಿನ ಏರ್ ತೆಗೆಯುವುದು ಚಿಕಿತ್ಸೆಯಲ್ಲ. ಫಿಲ್ಟರಿಗೂ ಪಂಪಿಗೂ ನಡುವಿನ ಪೈಪನ್ನು ಒಂದು ದಿನದ ಮಟ್ಟಿಗೆ ಡೀಸೆಲ್ ತಡೆಯುವ ಪಾರದರ್ಶಕ ಕೊಳವೆಯಿಂದ ಬದಲಾಯಿಸಿ ಎಂಜಿನ್ ಓಡಿಸಿದರೆ ಗುಳ್ಳೆ ಹರಿಯುವುದು ಕಣ್ಣಿಗೇ ಕಾಣುತ್ತದೆ. ಹಾಗೆಯೇ ಒಂದೊಂದೇ ಕೀಲು ಹಿಂದಕ್ಕೆ ಹೋಗುತ್ತ ಪರೀಕ್ಷಿಸಿದರೆ ಸಂದು ಸಿಗುತ್ತದೆ. ಹತ್ತರಲ್ಲಿ ಏಳೆಂಟು ಸಲ ಅದು ಹಳೆಯ ತಾಮ್ರದ ವಾಷರೋ ಸೀಳಿದ ರಬ್ಬರ್ ಕೊಳವೆಯೋ ಆಗಿರುತ್ತದೆ. ಬಿಚ್ಚಿದ ತಾಮ್ರದ ವಾಷರನ್ನು ಹಾಗೆಯೇ ಮತ್ತೆ ಹಾಕಬಾರದು, ಹೊಸದು ಹಾಕಬೇಕು.

ಒಳಕ್ಕೆ ಗಾಳಿ ಎಳೆಯುವ ಕೀಲು ಒಂದು ಕಡೆಯಾದರೆ, ಪಂಪಿನಿಂದಾಚೆಗಿನ ಒತ್ತಡದ ಪೈಪುಗಳ ಕೀಲು ಹೊರಕ್ಕೆ ಹನಿಸುತ್ತದೆ. ಒಂದು ಸೆಕೆಂಡಿಗೆ ಒಂದು ಹನಿ ಎಂದರೆ ಯಾರಿಗೂ ದೊಡ್ಡದಾಗಿ ಕಾಣದು. ಒಂದು ಮಿಲಿಲೀಟರಿಗೆ 20 ಹನಿ ಎಂದು ಹಿಡಿದರೂ ದಿನದ 24 ಗಂಟೆಗೆ 4 ಲೀಟರಿಗೂ ಹೆಚ್ಚಾಯಿತು. ಜೀಪು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಓಡಿದರೂ ಮುಕ್ಕಾಲು ಲೀಟರ್ ನೆಲಕ್ಕೆ.

ಮೂರನೆಯ ಪರಿಸ್ಥಿತಿ ಇದು: ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಕಣ್ಣು ಉರಿಸುವ ಬಿಳಿ ಹೊಗೆಯೂ ಬರುತ್ತಿದೆ, ಆದರೆ ಹಿಡಿಯುತ್ತಿಲ್ಲ. ಬಿಳಿ ಹೊಗೆಯೆಂದರೆ ಉರಿಯದೆ ಆವಿಯಾಗಿ ಹೊರಬಂದ ಡೀಸೆಲ್. ಡೀಸೆಲ್ ಬಂದಿದೆ, ಕಾವು ಸಾಲದು. ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಮೊದಲ ಅನುಮಾನ ಅದರ ಮೇಲೆ. ಈಗಿನ ಪೆನ್ಸಿಲ್ ಮಾದರಿಯ ಪ್ಲಗ್ಗುಗಳಲ್ಲಿ ಒಂದು ಸುಟ್ಟರೂ ಉಳಿದ ಮೂರು ಕೆಲಸ ಮಾಡುತ್ತವೆ. ಆದ್ದರಿಂದ ಗಾಡಿ ಮೂರು ಕಾಲಿನ ಕುದುರೆಯಂತೆ ಕುಂಟುತ್ತ ಏಳುತ್ತದೆ, ಒಂದೆರಡು ನಿಮಿಷ ಬಿಳಿ ಹೊಗೆ ಕಾರಿ ಸರಿಯಾಗುತ್ತದೆ. ಚಾಲಕ 'ಈಗ ಸರಿಹೋಯ್ತಲ್ಲ' ಎಂದು ಮರೆಯುತ್ತಾನೆ. ಮುಂದೆ ಎರಡನೆಯದು ಸುಟ್ಟಾಗಲೇ ಎಲ್ಲರಿಗೂ ತಿಳಿಯುವುದು.

ಪರೀಕ್ಷೆ ಸುಲಭ. ನಾಲ್ಕೂ ಪ್ಲಗ್ಗುಗಳನ್ನು ಸೇರಿಸುವ ಪಟ್ಟಿಯನ್ನು ಕಳಚಿ, ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು 12 ವೋಲ್ಟಿನ ಸಣ್ಣ ಬಲ್ಬಿನ ಮೂಲಕ ತಂತಿ ತಂದು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಬೇಕು. ಬಲ್ಬು ಹೊತ್ತಿದರೆ ಪ್ಲಗ್ಗಿನ ಒಳತಂತಿ ಉಳಿದಿದೆ. ಹೊತ್ತದಿದ್ದರೆ ಅದು ಸತ್ತಿದೆ. ನಾಲ್ಕೂ ಜೀವಂತವಾಗಿದ್ದೂ ಕಾಯದಿದ್ದರೆ ರಿಲೇ ಅಥವಾ ಸ್ವಿಚ್ಚಿನಲ್ಲಿ ಹುಡುಕಬೇಕು. ಪ್ಲಗ್ಗನ್ನು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿಸಿ, ಕೂಡಲೇ ಸೆಲ್ಫ್ ಹೊಡೆಯಬೇಕು. ಕಾಯಿಸಿ ಬೀಡಿ ಹಚ್ಚಿ ಆಮೇಲೆ ಹೊಡೆದರೆ ಕಾವು ಆರಿರುತ್ತದೆ. ಯಾಂತ್ರಿಕ ಪಂಪಿನ ಹಳೆಯ ಎಂಜಿನ್ನುಗಳಲ್ಲಿ ಆಕ್ಸಿಲರೇಟರನ್ನು ತುಳಿದು ಹಿಡಿದೇ ಹೊಡೆಯುವುದು ಕ್ರಮ. ಹಿಡಿದೊಡನೆ ಕಾಲು ತೆಗೆಯಬೇಕು. ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಡುವು ಕೊಡಬೇಕು.

ಪ್ಲಗ್ಗುಗಳು ಸರಿಯಿದ್ದೂ, ಅಥವಾ ಪ್ಲಗ್ಗೇ ಇಲ್ಲದ ನೇರ ಸಿಂಪಡಣೆಯ ಎಂಜಿನ್ನಿನಲ್ಲಿ, ಬಿಳಿ ಹೊಗೆ ಬಂದರೆ ವಿಷಯ ಸ್ವಲ್ಪ ಗಂಭೀರ. ನಾಜಲ್ ಮಂಜಿನಂತೆ ಸಿಂಪಡಿಸುವ ಬದಲು ಹನಿ ಬಿಡುತ್ತಿರಬಹುದು; ಪಂಪಿನ ಟೈಮಿಂಗ್ ಹಿಂದೆ ಬಿದ್ದಿರಬಹುದು; ಟ್ಯಾಪೆಟ್ ಸಂದು ಇಲ್ಲದೆ ವಾಲ್ವ್ ಪೂರ್ತಿ ಕೂರದಿರಬಹುದು; ರಿಂಗು ಸವೆದಿರಬಹುದು. ಖರ್ಚು ಕಡಿಮೆಯಿರುವುದರಿಂದ ಆರಂಭಿಸುವುದು ಜಾಣತನ. ಟ್ಯಾಪೆಟ್ ಸರಿಪಡಿಸಲು ಮೆಕ್ಯಾನಿಕನಿಗೆ ಒಂದು ಗಂಟೆ ಸಾಕು. ಅಷ್ಟರಿಂದಲೇ ವಾಸಿಯಾದ ಗಾಡಿಗಳುಂಟು. ನಾಜಲ್ ಮತ್ತು ಪಂಪನ್ನು ಪರೀಕ್ಷಾ ಯಂತ್ರವಿರುವ ಅಂಗಡಿಯಲ್ಲೇ ನೋಡಿಸಬೇಕು, ಮರದ ಕೆಳಗಿನ ರಿಪೇರಿ ಇದಕ್ಕೆ ಸಲ್ಲದು. ಬೆಂಗಳೂರಿನಲ್ಲಿ 1950ರ ದಶಕದಲ್ಲಿ ತಯಾರಿಕೆ ಆರಂಭಿಸಿದ ಮೈಕೋ ಕಂಪೆನಿಯ (2008ರಿಂದ ಇದರ ಹೆಸರು ಬಾಷ್) ಪಂಪುಗಳು ಹಳೆಯ ವಾಹನಗಳಲ್ಲಿ ವಿಶೇಷವಾಗಿ ಇರುವುದರಿಂದ, ಅವುಗಳ ಕೆಲಸ ಬಲ್ಲವರು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಿಗುವುದು ಕಷ್ಟವಲ್ಲ. ರಿಂಗಿನ ಸವೆತ ತಿಳಿಯಲು, ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲೇ ಓಡಿಸುತ್ತ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ನೋಡಬಹುದು. ಅಲ್ಲಿಂದ ಹೊಗೆ ಬುಸುಬುಸು ಎಂದು ತಳ್ಳಿಕೊಂಡು ಬಂದರೆ ಅದುಮಿದ ಗಾಳಿ ಕೆಳಕ್ಕೆ ಸೋರುತ್ತಿದೆ ಎಂದರ್ಥ.

ಬೆಳಗಿನ ದೋಷಕ್ಕೂ ಮೈಲೇಜಿಗೂ ಸಂಬಂಧ ಇರುವುದು ಇಲ್ಲಿಯೇ. ಹನಿ ಬಿಡುವ ನಾಜಲ್ ಬೆಳಗ್ಗೆ ಬಿಳಿ ಹೊಗೆ ಬಿಡಿಸುತ್ತದೆ, ಮಧ್ಯಾಹ್ನ ಮೂಟೆ ಹೇರಿ ಏರು ಹತ್ತುವಾಗ ಕರಿ ಹೊಗೆ ಬಿಡಿಸುತ್ತದೆ. ಕರಿ ಹೊಗೆಯೆಂದರೆ ಅರೆಬೆಂದ ಡೀಸೆಲ್, ಅಂದರೆ ಕೊಳವೆಯಿಂದ ಹಾರಿಹೋಗುತ್ತಿರುವ ಹಣ. ಒತ್ತಡ ಕಳೆದುಕೊಂಡ ಎಂಜಿನ್ ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಎರಡನೆಯದರಲ್ಲಿ ಹತ್ತುತ್ತದೆ.

ಮಾಡಬಾರದ ಉಪಾಯಗಳು

ಗಾಳಿ ಎಳೆಯುವ ಕೊಳವೆಗೆ ಈಥರ್ ಸಿಂಪಡಿಸುವುದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿಯುವುದು ಕೆಲವು ಕಡೆ ಬಳಕೆಯಲ್ಲಿದೆ. ಹೀಟರ್ ಪ್ಲಗ್ ಕೆಂಪಗೆ ಕಾದಿರುವ ಎಂಜಿನ್ನಿಗೆ ಇದನ್ನು ಕೊಟ್ಟರೆ ಪಿಸ್ಟನ್ ಮೇಲೇರುವ ಮುಂಚೆಯೇ ಸ್ಫೋಟವಾಗಿ ರಿಂಗು ಮುರಿಯುತ್ತದೆ, ಪಿಸ್ಟನ್ ಒಡೆಯುತ್ತದೆ. ಮುಖ ಬಗ್ಗಿಸಿ ನಿಂತವನಿಗೆ ಬೆಂಕಿ ತಗಲುತ್ತದೆ. ಆಯಿಲ್ ಚೇಂಬರಿನ ಕೆಳಗೆ ಹುಲ್ಲು, ಚಿಂದಿಗೆ ಬೆಂಕಿ ಹಾಕುವುದು ಇನ್ನೂ ಅಪಾಯ. ಡೀಸೆಲ್ ಜಿಡ್ಡು ಹಿಡಿದ ಗಾಡಿ, ಪಕ್ಕದಲ್ಲಿ ಕಟ್ಟಿಗೆ ಕೊಟ್ಟಿಗೆ; ಮುಂದಿನದನ್ನು ಹೇಳಬೇಕಾಗಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡುವುದೂ ಬೇಡ, ಆ ಹೊಗೆ ವಿಷ.

ಇಳಿಜಾರಿನಲ್ಲಿ ಗಾಡಿ ಉರುಳಿಸಿ ಗೇರು ಹಾಕುವುದು ಮಲೆನಾಡಿನ ಹಳೆಯ ವಿದ್ಯೆ. ಒಂದು ದಿನದ ಆಪತ್ತಿಗೆ ಸರಿ. ಆದರೆ ಎಂಜಿನ್ ಓಡದಿರುವಾಗ ಬ್ರೇಕಿಗೆ ನೆರವಾಗುವ ನಿರ್ವಾತ ಪಂಪು ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರ. ಕೆರೆಯ ಕಡೆಗೋ ಮನೆಯ ಅಂಗಳದ ಕಡೆಗೋ ಇಳಿಜಾರಿರುವಾಗ, ಮಕ್ಕಳು ಓಡಾಡುವ ಹೊತ್ತಿನಲ್ಲಿ, ಎಂಜಿನ್ ಹಿಡಿಯಲಿಲ್ಲವೆಂದರೆ ಏನಾದೀತೆಂಬುದನ್ನು ಯೋಚಿಸಬೇಕು.

ತಂಪಾದ ಎಂಜಿನ್ ಒಳ್ಳೆಯದೆಂಬ ಭ್ರಮೆ

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ರೇಡಿಯೇಟರಿಗೆ ಹೋಗುವ ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟವಿದೆ. ಎಂಜಿನ್ ಸುಮಾರು 80 ಡಿಗ್ರಿಗೆ ಬರುವವರೆಗೆ ಅದು ನೀರನ್ನು ತಡೆದಿಡುತ್ತದೆ. ಬೇಸಿಗೆಯಲ್ಲಿ ಯಾವಾಗಲೋ ಗಾಡಿ ಕುದಿದಾಗ, 'ಇದನ್ನ ತೆಗೆದುಬಿಡೋಣ ಗೌಡ್ರೇ, ಗಾಡಿ ತಂಪಾಗಿರುತ್ತೆ' ಎಂದು ಮೆಕ್ಯಾನಿಕ್ ತೆಗೆದೆಸೆಯುತ್ತಾನೆ. ಮತ್ತೆ ಅದನ್ನು ಯಾರೂ ಹಾಕಿಸುವುದಿಲ್ಲ. ಮನೆಯಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಎರಡೆರಡು ಕಿಲೋಮೀಟರ್ ಓಡಾಡುವ ಜೀಪು ಹೀಗಾದ ಮೇಲೆ ಚಳಿಗಾಲದಲ್ಲಿ ಒಂದು ದಿನವೂ ಸರಿಯಾಗಿ ಬಿಸಿಯಾಗುವುದಿಲ್ಲ. ತಣ್ಣನೆಯ ಎಂಜಿನ್ ಹೆಚ್ಚು ಡೀಸೆಲ್ ಬೇಡುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಸಿಲಿಂಡರ್ ಬೇಗ ಸವೆಯುತ್ತದೆ. ಎರಡು ವರ್ಷದ ಮೇಲೆ ಅದೇ ಗಾಡಿ ಬೆಳಗ್ಗೆ ಬಿಳಿ ಹೊಗೆ ಬಿಡುತ್ತ ನಿಲ್ಲುತ್ತದೆ. ಗಾಡಿ ಕುದಿಯುವುದಾದರೆ ರೇಡಿಯೇಟರ್ ತೊಳೆಸಿರಿ, ಬೆಲ್ಟ್ ನೋಡಿಸಿರಿ, ಥರ್ಮೋಸ್ಟಾಟ್ ಕೆಟ್ಟಿದ್ದರೆ ಹೊಸದು ಹಾಕಿಸಿರಿ.

ಹಾಗೆಂದು ಬಿಸಿಯಾಗಲೆಂದು ನಿಂತಲ್ಲೇ ಹದಿನೈದು ನಿಮಿಷ ಓಡಿಸುವುದೂ ವ್ಯರ್ಥ. ಭಾರವಿಲ್ಲದ ಡೀಸೆಲ್ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಆಯಿಲ್ ಎಲ್ಲ ಕಡೆ ತಲುಪಲು ಅರ್ಧ ಒಂದು ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರ್ ಹಗುರವಾಗಿ ಓಡಿಸಿದರೆ ಸಾಕು. ಈ ಗಾತ್ರದ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ಡೀಸೆಲ್ ಹೋಗುತ್ತದೆ. ತೂಕ ಹಾಕುವಲ್ಲಿ, ಗೇಟಿನಲ್ಲಿ, ಮಾತಿಗೆ ನಿಂತಲ್ಲಿ ದಿನಕ್ಕೆ ಒಂದು ಗಂಟೆ ಎಂದರೂ 300 ದಿನಕ್ಕೆ 150 ಲೀಟರ್.

ಅಳತೆ ಇಲ್ಲದೆ ಮೈಲೇಜಿಲ್ಲ

'ನಮ್ಮ ಗಾಡಿ ಹನ್ನೊಂದು ಕೊಡುತ್ತೆ' ಎನ್ನುವವರಲ್ಲಿ ಅಳೆದು ಹೇಳುವವರು ಕಡಿಮೆ. ಮುಳ್ಳನ್ನು ನೋಡಿ ಹೇಳಿದ್ದು ಲೆಕ್ಕವಲ್ಲ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ಕಿಲೋಮೀಟರ್ ಬರೆದಿಟ್ಟು, ಮತ್ತೆ ಅದೇ ಬಂಕಿನಲ್ಲಿ, ಗಾಡಿಯನ್ನು ಅದೇ ಮಟ್ಟದಲ್ಲಿ ನಿಲ್ಲಿಸಿ ಕತ್ತಿನವರೆಗೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಭಾಗಿಸಬೇಕು. ಒಂದು ಸಲದ ಲೆಕ್ಕ ಸಾಲದು, ನಾಲ್ಕೈದು ಸಲದ ಸರಾಸರಿ ಬೇಕು. ಮೂಲ ಅಳತೆಗಿಂತ ದೊಡ್ಡ ಟಯರ್ ಹಾಕಿಸಿದವರು ಇನ್ನೊಂದು ಕೆಲಸ ಮಾಡಬೇಕು. ಹೆದ್ದಾರಿಯ 20 ಕಿಲೋಮೀಟರ್ ಕಲ್ಲುಗಳನ್ನು ದಾಟಿ ಮೀಟರ್ ಎಷ್ಟು ತೋರಿಸುತ್ತದೆಂದು ನೋಡಬೇಕು. ಅದು 19 ತೋರಿಸಿದರೆ ಗಾಡಿಯ ಮೈಲೇಜ್ ನೀವು ತಿಳಿದದ್ದಕ್ಕಿಂತ ನೂರಕ್ಕೆ 5ರಷ್ಟು ಮೇಲೇ ಇದೆ. ಬಡಪಾಯಿ ಎಂಜಿನ್ನನ್ನು ಬೈಯಬೇಕಾಗಿಲ್ಲ.

ಟಾರು ರಸ್ತೆಯ ಲೆಕ್ಕವನ್ನೂ ತೋಟದ ಲೆಕ್ಕವನ್ನೂ ಬೆರೆಸಬಾರದು. ತೋಟದ ಏರಿನಲ್ಲಿ ಮೈಲೇಜ್ ಇಳಿಯುವುದು ಸಹಜ, ಅದು ದೋಷವಲ್ಲ. ನೋಡಬೇಕಾದ್ದು ಅದೇ ಗಾಡಿಯ ಅದೇ ದಾರಿಯ ಹೋದ ವರ್ಷದ ಲೆಕ್ಕವನ್ನು. ದಿನಕ್ಕೆ 40 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡುವ ಜೀಪು ಲೀಟರಿಗೆ 11ರಿಂದ 9ಕ್ಕೆ ಇಳಿಯಿತೆನ್ನಿ. 1,091 ಲೀಟರ್ ಬೇಕಾಗಿದ್ದ ಕಡೆ 1,333 ಲೀಟರ್ ಬೇಕಾಯಿತು. ಲೀಟರಿಗೆ 90 ರೂಪಾಯಿ ಹಿಡಿದರೆ ಆ 242 ಲೀಟರಿಗೆ 21,780 ರೂಪಾಯಿ. ನಾಜಲ್ ರಿಪೇರಿಗೆ ಇಂದು ನಾಳೆ ಎನ್ನುವವರು ಈ ಅಂಕಿಯನ್ನು ಒಮ್ಮೆ ಬರೆದು ನೋಡುವುದು ಒಳ್ಳೆಯದು.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗವನ್ನು ಸಲಹೆ ಮಾಡುತ್ತ ಬಂದಿದೆ. ಪೆಟ್ಟಿಗೆಯಾಕಾರದ ಜೀಪಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ವೇಗ ಹೆಚ್ಚಿದಂತೆ ಅದು ಗೋಡೆಯನ್ನೇ ಎದುರಿಗೆ ಹಿಡಿದು ಓಡಿದಂತೆ ಗಾಳಿಯನ್ನು ತಳ್ಳುತ್ತದೆ. ಟಯರಿನ ಗಾಳಿಯನ್ನು ಟಯರ್ ತಣ್ಣಗಿರುವಾಗ ನೋಡಿಸಬೇಕು.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆಯೊಂದು ಬಲವಾಗಿದೆ. ನಿಜ ಇದಕ್ಕೆ ವಿರುದ್ಧ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪಂಪು ಡೀಸೆಲ್ಲನ್ನು ಕಡಿದುಬಿಡುತ್ತದೆ. ನ್ಯೂಟ್ರಲ್ಲಿನಲ್ಲಿಯಾದರೋ ಎಂಜಿನ್ ಬದುಕಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಚಾರ್ಮಾಡಿ, ಶಿರಾಡಿ, ಆಗುಂಬೆಯಂತಹ ಘಾಟಿಗಳಲ್ಲಿ ಹೀಗೆ ಇಳಿದು ಬ್ರೇಕ್ ಕಾಯಿಸಿಕೊಂಡರೆ ಉಳಿಯುವುದೇನೂ ಇಲ್ಲ, ಹೋಗುವುದು ಪ್ರಾಣ.

ನಾಲ್ಕು ಚಕ್ರದ ಎಳೆತ ಯಾವಾಗ?

ತೋಟದ ಜೀಪುಗಳಲ್ಲಿ ಸಾಮಾನ್ಯವಾಗಿ ಇರುವುದು ಬೇಕೆಂದಾಗ ಹಾಕಿಕೊಳ್ಳುವ ಫೋರ್ ವೀಲ್. ಅದನ್ನು ಹಾಕಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಟಯರ್ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಟಾರಿನ ಮೇಲೆ ಜಾರಲು ಎಡೆಯಿಲ್ಲ. ಎರಡು ಅಚ್ಚುಗಳೂ ಒಂದರ ಮೇಲೊಂದು ಜಗಳಕ್ಕೆ ನಿಲ್ಲುತ್ತವೆ. ಟಯರ್ ತೇಯುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಡೀಸೆಲ್ ಆ ಜಗಳಕ್ಕೆ ಖರ್ಚಾಗುತ್ತದೆ. ಆಮೇಲೆ ಫೋರ್ ವೀಲ್ ಲಿವರ್ ಎಳೆದರೆ ಬಿಡುವುದಿಲ್ಲ. ಆಗ ಸುತ್ತಿಗೆ ಹುಡುಕಬೇಡಿ, ಗಾಡಿಯನ್ನು ನೇರವಾಗಿ ನಾಲ್ಕಾರು ಮಾರು ಹಿಂದಕ್ಕೆ ತೆಗೆದುಕೊಳ್ಳಿ. ಒಳಗಿನ ಬಿಗಿ ಸಡಿಲಿ ಲಿವರ್ ತಾನಾಗಿ ಬರುತ್ತದೆ. ಮುಂದೆ ಹೊಸ ಟಯರ್, ಹಿಂದೆ ಬೋಳು ಟಯರ್ ಹಾಕಿಕೊಂಡವರಿಗೆ ಈ ಜಗಳ ನೇರ ದಾರಿಯಲ್ಲೂ ತಪ್ಪದು.

ಇನ್ನು ಕೆಲವರು ಡೀಸೆಲ್ ಉಳಿಸುವ ಆಸೆಯಿಂದ ಫೋರ್ ವೀಲನ್ನು ಹಾಕುವುದೇ ಇಲ್ಲ. ಕೆಸರಿನಲ್ಲಿ ಹಿಂದಿನ ಚಕ್ರ ತಿರುಗಿ ತಿರುಗಿ ಗುಂಡಿ ತೋಡುತ್ತಿರುವಾಗ, ಅಥವಾ ಕಡಿದಾದ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿ ತೆವಳುತ್ತಿರುವಾಗ ಹೋಗುವ ಡೀಸೆಲ್ಲೂ ಕ್ಲಚ್ ಪ್ಲೇಟೂ ಅದಕ್ಕಿಂತ ಎಷ್ಟೋ ಹೆಚ್ಚು. ಕೆಸರು ಬರುವ ಮುಂಚೆಯೇ ನಿಂತು ಫೋರ್ ವೀಲ್ ಹಾಕಬೇಕು. ಹೇರಿದ ಗಾಡಿಗೆ ಕಡಿದಾದ ಏರಿದ್ದರೆ ಲೋ ಗೇರಿಗೆ ತರಬೇಕು. ಮುಂದಿನ ಚಕ್ರದಲ್ಲಿ ಕೈಯಿಂದ ತಿರುಗಿಸುವ ಹಬ್ ಲಾಕ್ ಇದ್ದರೆ ಟಾರು ರಸ್ತೆಗೆ ಬಂದಾಗ ಅದನ್ನು ಬಿಡಿಸಿದರೆ ಮುಂದಿನ ಅಚ್ಚು ಸುಮ್ಮನೆ ತಿರುಗುವುದು ತಪ್ಪುತ್ತದೆ. ಉಳಿತಾಯ ಸ್ವಲ್ಪವೇ. ತಿಂಗಳಿಗೊಮ್ಮೆಯಾದರೂ ಮಣ್ಣು ದಾರಿಯಲ್ಲಿ ಲಾಕ್ ಹಾಕಿ ಕೆಲವು ಕಿಲೋಮೀಟರ್ ಓಡಿಸಬೇಕು. ಇಲ್ಲದಿದ್ದರೆ ಒಳಗಿನ ಭಾಗಗಳಿಗೆ ಎಣ್ಣೆ ತಲುಪದೆ ತುಕ್ಕು ಹಿಡಿಯುತ್ತವೆ.

ನೀರು ಎಂಬ ಶತ್ರು

ಅರೆ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣ್ಣಗಾದಾಗ ಗೋಡೆಯ ಮೇಲೆ ಹನಿಗಟ್ಟಿ ಡೀಸೆಲ್ಲಿನ ತಳಕ್ಕೆ ಇಳಿಯುತ್ತದೆ. ಮಳೆನಾಡಿನಲ್ಲಿ ಇದು ಬೇಗ ಶೇಖರವಾಗುತ್ತದೆ. ಟ್ಯಾಂಕನ್ನು ಬೆಳಗ್ಗೆ ತುಂಬಿಸುವ ಬದಲು ಸಂಜೆ ತುಂಬಿಸಿ ನಿಲ್ಲಿಸುವುದು ಮೇಲು. ಫಿಲ್ಟರಿನ ಕೆಳಗಿನ ಸ್ಕ್ರೂವಿನಿಂದ ವಾರಕ್ಕೊಮ್ಮೆ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿದರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಡ್ರಮ್ಮಿನಲ್ಲಿ ತಂದಿಡುವವರು ಅದನ್ನು ಸೂರಿನ ಕೆಳಗೆ, ಸ್ವಲ್ಪ ಓರೆಯಾಗಿ ಇಟ್ಟು, ತಂದ ಮೇಲೆ ಒಂದು ದಿನ ತಂಗಲು ಬಿಟ್ಟು, ತಳದ ನಾಲ್ಕು ಬೆರಳನ್ನು ಬಿಟ್ಟು ಮೇಲಿನದನ್ನು ತೆಗೆಯಬೇಕು.

ಹೊಸ ಗಾಡಿಗಳ ಮಾತು

ಹೊಸ ಕಾಮನ್ ರೈಲ್ ಜೀಪುಗಳಲ್ಲಿ ಹೀಟರ್ ಪ್ಲಗ್ಗಿನ ಕಾಲವನ್ನು ಕಂಪ್ಯೂಟರೇ ಲೆಕ್ಕಹಾಕುತ್ತದೆ. ಕೀ ತಿರುಗಿಸಿ, ಸುರುಳಿಯ ಚಿತ್ರದ ದೀಪ ಆರುವವರೆಗೆ ಕಾದು ಹೊಡೆದರೆ ಆಯಿತು, ಆಕ್ಸಿಲರೇಟರ್ ಮುಟ್ಟಬೇಕಾಗಿಲ್ಲ. ಈ ಎಂಜಿನ್ನುಗಳಲ್ಲಿ ಒತ್ತಡದ ಪೈಪಿನ ನಟ್ಟನ್ನು ಸಡಿಲಿಸಿ ಏರ್ ತೆಗೆಯಲು ಹೋಗಬಾರದು. ಅದರ ಒತ್ತಡ ಚರ್ಮವನ್ನು ಸೀಳಿ ಡೀಸೆಲ್ಲನ್ನು ಮೈಯೊಳಕ್ಕೆ ತಳ್ಳುವಷ್ಟಿರುತ್ತದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇವನ್ನು ತಳ್ಳಿಯೂ ಪ್ರಯೋಜನವಿಲ್ಲ. ಕಂಪ್ಯೂಟರಿಗೆ ವಿದ್ಯುತ್ತಿಲ್ಲದೆ ಡೀಸೆಲ್ ಬಿಡುವುದಿಲ್ಲ.

2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲಿನ ಡೀಸೆಲ್ ಜೀಪುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಸೇರಿದೆ. ತುಂಬಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಹೊಗೆ ಚೆನ್ನಾಗಿ ಕಾದಿರಬೇಕು. ದಿನವಿಡೀ ತೋಟದೊಳಗೇ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಆ ಕಾವು ಬರುವುದಿಲ್ಲ. ಫಿಲ್ಟರ್ ಕಟ್ಟಿಕೊಂಡು ಮೈಲೇಜ್ ಇಳಿಯುತ್ತದೆ, ದೀಪ ಹೊತ್ತಿ ಎಂಜಿನ್ನಿನ ಬಲ ತಗ್ಗುತ್ತದೆ. ಇಂತಹ ವಾಹನವಿರುವವರು ವಾರಕ್ಕೊಮ್ಮೆ, ಸಂತೆಗೋ ಗೊಬ್ಬರಕ್ಕೋ ಹೇಗೂ ಪೇಟೆಗೆ ಹೋಗುವ ದಿನ, ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಹದದಲ್ಲಿ ಓಡಿಸಬೇಕು; ನಡುವೆ ದೀಪ ಹೊತ್ತಿದರೆ ಅದು ಆರುವವರೆಗೆ ಎಂಜಿನ್ ನಿಲ್ಲಿಸಬಾರದು.